ಅರಿಯದವನ ಮೊರೆಯನ್ನು ವಿಚಾರಿಸುವ ಪೀಠ

ಓದತಕ್ಕ ಭಾಗಗಳು: ಯೋಬ 29ನೇ ಅಧ್ಯಾಯ, 7ರಿಂದ 16ನೇ ವಚನಗಳು, ಯೆಹೋಶುವ 9ನೇ ಅಧ್ಯಾಯ.



ಯೋಬನು ಬೂದಿಯಲ್ಲಿ ಕುಳಿತುಕೊಂಡು ತನ್ನ ಒಳ್ಳೇ ದಿನಗಳನ್ನು ಜ್ಞಾಪಕಮಾಡಿಕೊಳ್ಳುವಾಗ, ಕಳೆದುಹೋದ ಒಂಟೆಗಳ ಮತ್ತು ಎತ್ತುಗಳ ಲೆಕ್ಕವನ್ನು ಹೇಳುವದಿಲ್ಲ. ಊರ ಬಾಗಿಲಲ್ಲಿ ತನಗಿದ್ದ ಆಸನವನ್ನು ನೆನಸುತ್ತಾನೆ. ಅಲ್ಲಿ ತಾನು ದಿಕ್ಕಿಲ್ಲದವರಿಗೆ ತಂದೆಯಂತೆ ಇದ್ದದ್ದನ್ನೂ, ತನಗೆ ಪರಿಚಯವೇ ಇಲ್ಲದ ಮನುಷ್ಯನ ವ್ಯಾಜ್ಯವನ್ನು ಸಹ ಶೋಧಿಸಿ ನೋಡಿದ್ದನ್ನೂ ಹೇಳುತ್ತಾನೆ. ಈ ಕಡೇ ಮಾತನ್ನು ಓದಿ ದಾಟಿಹೋಗುವದು ನಮ್ಮ ವಾಡಿಕೆ. ಈ ಸಾರಿ ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲುವಾ.

ನಮ್ಮ ಹಳ್ಳಿಗಳಲ್ಲಿ ಪಂಚಾಯತಿ ಕೂಡುವಾಗ ಹಿರಿಯರಿಗೆ ವಾದಿ ಪ್ರತಿವಾದಿ ಇಬ್ಬರೂ ಗೊತ್ತು. ಅವರ ತಂದೆ ತಾತಂದಿರು ಗೊತ್ತು. ಹೊಲದ ಬದು ಗೊತ್ತು. ಯಾವನು ಸಾಲ ತೀರಿಸುವವನು, ಯಾವನು ಮಾತು ತಪ್ಪುವವನು ಎಂಬದೂ ಗೊತ್ತು. ಇಷ್ಟು ಗೊತ್ತಿದ್ದರೂ ನ್ಯಾಯತೀರಿಸುವದು ಕಷ್ಟವೇ. ಆದರೆ ಒಬ್ಬ ಪರದೇಶಸ್ಥನು ಬಂದನೆಂದು ಎಣಿಸಿರಿ. ಅವನ ಭಾಷೆ ನಮಗೆ ತಿಳಿಯದು. ಅವನ ಊರನ್ನು ನಾವು ಕಂಡವರಲ್ಲ. ಅವನಿಗಾಗಿ ಸಾಕ್ಷಿ ಹೇಳತಕ್ಕ ನೆರೆಯವರು ಸಮುದ್ರದ ಆಚೆ ಇದ್ದಾರೆ, ಇಲ್ಲವೆ ಸತ್ತುಹೋಗಿದ್ದಾರೆ. ತನ್ನನ್ನು ಹಿಂದಕ್ಕೆ ಕಳುಹಿಸಿದರೆ ಕೊಲ್ಲುವರೆಂದು ಅವನು ಹೇಳುತ್ತಾನೆ. ಅವನ ಎದುರಿಗೆ ಕುಳಿತು, ಆ ಮಾತನ್ನು ನಂಬತಕ್ಕದ್ದೋ ನಂಬತಕ್ಕದ್ದಲ್ಲವೋ ಎಂದು ಬರೆದು ರುಜು ಹಾಕುವ ಕೆಲಸವು ನಿಮ್ಮ ಪಾಲಿಗೆ ಬಂದರೆ ಏನು ಮಾಡುವಿರಿ?

ದಿನಾಲು ಈ ಕೆಲಸವನ್ನೇ ಮಾಡುವ ಸ್ತ್ರೀಪುರುಷರು ಈಗ ಅನೇಕ ದೇಶಗಳಲ್ಲಿ ಇದ್ದಾರೆ. ನಾವು ಕೆನಡ ದೇಶದ ಪೀಠವನ್ನು ಮುಖ್ಯ ದೃಷ್ಟಾಂತವಾಗಿ ತೆಗೆದುಕೊಳ್ಳುತ್ತೇವೆ; ಯಾಕಂದರೆ ಅದು ಹುಟ್ಟಿದ ಕಥೆಯಲ್ಲಿ ನಮ್ಮ ಭಾರತದಿಂದ ಹೋದವರ ಮೊರೆಯೂ ಸೇರಿದೆ.

ಆ ಕಥೆಗೆ ಒಂದು ದುಃಖದ ಪೀಠಿಕೆಯುಂಟು. 1939ನೇ ವರುಷದ ಮೇ ತಿಂಗಳಲ್ಲಿ ಸೇಂಟ್ ಲೂಯಿಸ್ ಎಂಬ ಹಡಗು 937 ಪ್ರಯಾಣಿಕರೊಂದಿಗೆ ಜರ್ಮನಿಯ ಹ್ಯಾಂಬರ್ಗ್ ರೇವನ್ನು ಬಿಟ್ಟು ಹೊರಟಿತು. ಹೆಚ್ಚುಕಡಿಮೆ ಎಲ್ಲರೂ ಹಿಟ್ಲರನ ಹಿಂಸೆಯಿಂದ ತಪ್ಪಿಸಿಕೊಂಡು ಓಡುತ್ತಿದ್ದ ಯೆಹೂದ್ಯರು. ಕ್ಯೂಬ ದೇಶವು ಕೆಲವರನ್ನು ಮಾತ್ರ ಇಳಿಸಿಕೊಂಡಿತು. ಅಮೇರಿಕವೂ ಕೆನಡವೂ ಬಾಗಲನ್ನು ತೆರೆಯಲಿಲ್ಲ. ಹಡಗು ಯೂರೋಪಿಗೆ ಹಿಂದಿರುಗಿತು. ಹಾಗೆ ಹಿಂದಿರುಗಿದವರಲ್ಲಿ 254 ಮಂದಿ ಯೆಹೂದ್ಯರ ಆ ಮಹಾಸಂಹಾರದಲ್ಲಿ ನಾಶವಾದರು. ಕೆನಡ ದೇಶದ ಪ್ರಧಾನಮಂತ್ರಿಯು ಇದಕ್ಕಾಗಿ 2018ನೇ ವರುಷದ ನವೆಂಬರ್ 7ರಂದು ಸಂಸತ್ತಿನಲ್ಲಿ ಕ್ಷಮೆ ಬೇಡಿದನು. ಆಗ 79 ವರುಷಗಳು ಕಳೆದಿದ್ದವು. ಸತ್ತವರು ಆ ಮಾತನ್ನು ಕೇಳಲಿಲ್ಲ.

ಎರಡನೇ ಮಹಾಯುದ್ಧವು ಮುಗಿದ ಮೇಲೆ ಜನಾಂಗಗಳಿಗೆ ನಾಚಿಕೆ ಹುಟ್ಟಿತು. 1951ನೇ ವರುಷದ ಜುಲೈ 28ರಂದು ಜಿನೀವ ಪಟ್ಟಣದಲ್ಲಿ ಒಂದು ಒಡಂಬಡಿಕೆಯಾಯಿತು. ಕುಲ, ಧರ್ಮ, ರಾಷ್ಟ್ರ, ಸಮಾಜದಲ್ಲಿನ ಒಂದು ವರ್ಗ, ರಾಜಕೀಯ ಅಭಿಪ್ರಾಯ ಎಂಬ ಈ ಐದರಲ್ಲಿ ಯಾವದಾದರೊಂದರ ನಿಮಿತ್ತ ಹಿಂಸೆಯಾದೀತೆಂದು ಆಧಾರವುಳ್ಳ ಭಯದಿಂದ ಸ್ವದೇಶವನ್ನು ಬಿಟ್ಟು, ಅದರ ಕಾವಲಿಗೆ ತಿರಿಗಿ ಹೋಗಲಾರದವನೇ ನಿರಾಶ್ರಿತನು ಎಂದು ಅದು ಗೊತ್ತುಮಾಡಿತು. ಅಂಥವನನ್ನು ಪ್ರಾಣಕ್ಕೂ ಸ್ವಾತಂತ್ರ್ಯಕ್ಕೂ ಅಪಾಯವಿರುವ ಸ್ಥಳಕ್ಕೆ ದಬ್ಬಬಾರದು ಎಂಬದು ಅದರ ತಿರುಳು. ಕೆನಡವು 1969ರಲ್ಲಿ ಇದನ್ನು ಒಪ್ಪಿಕೊಂಡಿತು.

ಆದರೆ ಮಾತು ಕೊಡುವದು ಒಂದು, ಮಾತನ್ನು ಕೇಳುವದು ಮತ್ತೊಂದು. ಆಶ್ರಯ ಬೇಡಿದವನನ್ನು ಒಬ್ಬ ಅಧಿಕಾರಿಯು ಪ್ರಮಾಣದ ಮೇಲೆ ಪ್ರಶ್ನಿಸಿ ಬರೆದುಕೊಳ್ಳುತ್ತಿದ್ದನು. ಆ ಕಾಗದವು ದೂರದ ಒಂದು ಸಮಿತಿಗೆ ಹೋಗುತ್ತಿತ್ತು. ಸಮಿತಿಯವರು ಅವನ ಮುಖವನ್ನು ನೋಡದೆ ಸಲಹೆ ಕೊಡುತ್ತಿದ್ದರು. ತನಗೆ ವಿರೋಧವಾಗಿ ಏನು ಎಣಿಸಲ್ಪಟ್ಟಿತೆಂಬದು ಅವನಿಗೆ ತಿಳಿಯುತ್ತಿರಲಿಲ್ಲ. ಹೀಗೆ ತಳ್ಳಲ್ಪಟ್ಟ ಏಳು ಮಂದಿ ಆ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಮೊರೆಹೋದರು. ಅವರಲ್ಲಿ ಹೆಚ್ಚಿನವರು ಭಾರತದಿಂದ ಹೋದ ಸಿಖ್ಖರು. 1985ನೇ ವರುಷದ ಏಪ್ರಿಲ್ 4ರಂದು ತೀರ್ಪಾಯಿತು. ಆರು ನ್ಯಾಯಾಧಿಪತಿಗಳು ಎರಡು ಬೇರೆ ಬೇರೆ ಕಾನೂನುಗಳ ಮಾರ್ಗವಾಗಿ ಒಂದೇ ಸ್ಥಳಕ್ಕೆ ಬಂದು ಮುಟ್ಟಿದರು. ಅವರು ಆ ಏಳು ಮಂದಿಯನ್ನು ನಿರಾಶ್ರಿತರೆಂದು ಹೇಳಲಿಲ್ಲ. ಅವರ ಬಾಯಿಂದಲೇ ಅವರ ಮಾತನ್ನು ಕೇಳದೆ ತಳ್ಳಬಾರದು ಎಂದು ಮಾತ್ರ ಹೇಳಿದರು. ಒಬ್ಬನನ್ನು ಸುಳ್ಳುಗಾರನೆಂದು ಎಣಿಸಬೇಕಾದರೆ ಮೊದಲು ಅವನು ಎದುರಿಗೆ ನಿಂತು ಮಾತಾಡಬೇಕು. ಇದಕ್ಕೆ ಹಣವೂ ಕಾಲವೂ ಹಿಡಿಯುತ್ತದೆಂಬದು ತಕ್ಕ ನೆವವಲ್ಲ.

ಆ ತೀರ್ಪಿನ ಒಂದು ಭಾಗವನ್ನು ಬರೆದವಳು ಬರ್ಥಾ ವಿಲ್ಸನ್ ಎಂಬ ಸ್ತ್ರೀ. ಆಕೆಯು ಸ್ಕಾಟ್‌ಲೆಂಡಿನಲ್ಲಿ ಹುಟ್ಟಿ, ಒಬ್ಬ ಸಭಾಪಾಲಕನ ಹೆಂಡತಿಯಾಗಿ 1949ರಲ್ಲಿ ಕೆನಡಕ್ಕೆ ವಲಸೆ ಹೋದವಳು. 1982ರಲ್ಲಿ ಆ ನ್ಯಾಯಾಲಯದ ಮೊದಲನೇ ಸ್ತ್ರೀ ನ್ಯಾಯಾಧಿಪತಿಯಾದಳು. ನಿಕೋದೇಮನು ಯೆಹೂದ್ಯರ ಹಿರಿಯರ ಮುಂದೆ ಎತ್ತಿದ ಪ್ರಶ್ನೆಯು ನಮಗೆ ನೆನಪಿಗೆ ಬರುತ್ತದಲ್ಲವೋ? ಮನುಷ್ಯನ ಮಾತನ್ನು ಮೊದಲು ಕೇಳದೆ ನಮ್ಮ ಧರ್ಮಶಾಸ್ತ್ರವು ಅವನಿಗೆ ತೀರ್ಪು ಮಾಡುವದುಂಟೋ ಎಂದು ಅವನು ಕೇಳಿದನು. ಅವನಿಗೆ ಸಿಕ್ಕಿದ್ದು ಹಾಸ್ಯವೇ. ಆದರೆ ಪ್ರಶ್ನೆಯು ಸಾಯಲಿಲ್ಲ.

ಈ ತೀರ್ಪಿನ ಫಲವಾಗಿ 1989ನೇ ವರುಷದ ಜನವರಿ 1ರಂದು ವಲಸೆ ಮತ್ತು ನಿರಾಶ್ರಿತರ ಮಂಡಲಿಯು ಸ್ಥಾಪನೆಯಾಯಿತು. ಮೊದಲು ಇಬ್ಬರು ಸದಸ್ಯರು ಕೂಡಿ ಕೇಳುತ್ತಿದ್ದರು. ಇಬ್ಬರಲ್ಲಿ ಒಮ್ಮತವಿಲ್ಲದೆ ಹೋದರೆ ತೀರ್ಪು ಸಾಧಾರಣವಾಗಿ ಆಶ್ರಯ ಬೇಡಿದವನ ಪಕ್ಷಕ್ಕೆ ಹೋಗುತ್ತಿತ್ತು. 2002ರ ಕಾನೂನಿನ ಮೇಲೆ ಒಬ್ಬನೇ ಕೇಳುವದು ರೂಢಿಯಾಯಿತು. ಅದೇ ಕಾನೂನು ಮೇಲ್ವಿಚಾರಣೆಯ ಪೀಠವನ್ನೂ ವಾಗ್ದಾನ ಮಾಡಿತು. ಆದರೆ ಅದು ತೆರೆಯಲ್ಪಟ್ಟದ್ದು 2012ನೇ ವರುಷದ ಡಿಸೆಂಬರ್ 15ರಂದು. ಮೇಲಿನ ಪೀಠದ ಸದಸ್ಯನು ಕೆಳಗಿನ ವಿಚಾರಣೆಯ ದಾಖಲೆಯನ್ನು ಪರಿಶೋಧಿಸಿ, ತೀರ್ಪನ್ನು ಸ್ಥಿರಪಡಿಸಬಹುದು, ಅದನ್ನು ತೆಗೆದು ತನ್ನ ತೀರ್ಪನ್ನು ಇಡಬಹುದು, ಇಲ್ಲವೆ ತಿರಿಗಿ ಕೇಳುವ ಹಾಗೆ ಕೆಳಕ್ಕೆ ಕಳುಹಿಸಬಹುದು. ಪೌಲನು ಫೆಸ್ತನ ಮುಂದೆ ಕೈಸರನಿಗೆ ಮೊರೆಹೋದದ್ದನ್ನು ನಾವು ಬಲ್ಲೆವು. ಮೇಲ್ಮೊರೆಯೆಂಬದು ನ್ಯಾಯಪೀಠವು ತನ್ನ ಬಾಯಿಂದಲೇ ಮಾಡುವ ಪಾಪನಿವೇದನೆಯಂತೆ ಇದೆ: ನಾವು ಮನುಷ್ಯರು, ನಾವು ತಪ್ಪಬಹುದು ಎಂದು ಅದು ಒಪ್ಪಿಕೊಳ್ಳುತ್ತದೆ.

ಈಗ ಆ ಸದಸ್ಯನ ಮನಸ್ಸಿನ ಭಾರವನ್ನು ಸ್ವಲ್ಪ ಯೋಚಿಸುವಾ.

ಮೊದಲನೆಯದಾಗಿ, ಯಾವ ತಕ್ಕಡಿಯಲ್ಲಿ ತೂಗಬೇಕು? ಹೊಲದ ವ್ಯಾಜ್ಯದಲ್ಲಿ ಯಾರ ಕಡೆ ಹೆಚ್ಚು ಭಾರವೋ ಅವರೇ ಗೆಲ್ಲುತ್ತಾರೆ. ಇಲ್ಲಿ ಹಾಗಲ್ಲ. ಪ್ರಮಾಣಮಾಡಿ ಹೇಳಿದ ಮಾತನ್ನು, ಸಂಶಯಕ್ಕೆ ಕಾರಣವಿಲ್ಲದ ಹೊರತು, ನಿಜವೆಂದೇ ಎಣಿಸಬೇಕೆಂದು ಕೆನಡದ ಒಂದು ನ್ಯಾಯಾಲಯವು 1980ರ ಹಾಗೆಯೇ ಹೇಳಿತ್ತು. ಮುಂದೆ ಬರಬಹುದಾದ ಅಪಾಯವು ಅರ್ಧಕ್ಕಿಂತ ಹೆಚ್ಚೆಂದು ತೋರಿಸುವದು ಅವಶ್ಯವಲ್ಲ, ಬರೇ ಊಹೆಗಿಂತ ಹೆಚ್ಚಾದ ಸಂಭವವಿದ್ದರೆ ಸಾಕು ಎಂದು 1989ರಲ್ಲಿ ತೀರ್ಮಾನವಾಯಿತು. ಅಮೇರಿಕದ ಅತ್ಯುನ್ನತ ನ್ಯಾಯಾಲಯವು 1987ರಲ್ಲಿ, ಹತ್ತರಲ್ಲಿ ಒಂದು ಪಾಲು ಅಪಾಯವಿದ್ದರೂ ಭಯಕ್ಕೆ ಆಧಾರವುಂಟಾಗಬಹುದೆಂದು ತೋರಿಸಿತು. ಇದು ವಿಚಿತ್ರವೆಂದು ತೋರುವದೋ? ಊರ ಬಾವಿಯಲ್ಲಿ ವಿಷ ಬಿದ್ದಿರುವ ಸಂಭವವು ಹತ್ತರಲ್ಲಿ ಒಂದು ಪಾಲು ಇದ್ದರೆ, ಯಾವ ತಾಯಿಯು ಮಗುವಿಗೆ ಆ ನೀರನ್ನು ಕುಡಿಸುವಳು? ತಪ್ಪಾಗಿ ಬಾಗಲನ್ನು ತೆರೆದರೆ, ಅವಶ್ಯವಿಲ್ಲದವನೊಬ್ಬನು ಆ ದೇಶದಲ್ಲಿ ಬದುಕುವನು. ತಪ್ಪಾಗಿ ಬಾಗಲನ್ನು ಮುಚ್ಚಿದರೆ, ಸಮಾಧಿಯಿಂದ ಯಾರೂ ಮೇಲ್ಮೊರೆ ಮಾಡಲಾರರು.

ಎರಡನೆಯದಾಗಿ, ಮರೆವಿನ ಮಾತು. ಒಬ್ಬನು ಮೊದಲು ಒಂದು ದಿನವನ್ನೂ ಆಮೇಲೆ ಮತ್ತೊಂದು ದಿನವನ್ನೂ ಹೇಳಿದರೆ ಅವನು ಸುಳ್ಳುಗಾರನೆಂದು ನಾವು ಥಟ್ಟನೆ ಹೇಳುತ್ತೇವೆ. 2002ರಲ್ಲಿ ಬ್ರಿಟನಿನ ಪಂಡಿತರು, ಕೊಸೊವೊ ಮತ್ತು ಬೋಸ್ನಿಯ ಸೀಮೆಗಳಿಂದ ಬಂದು ಆಗಲೇ ವಾಸಕ್ಕೆ ಅಪ್ಪಣೆ ಹೊಂದಿದ್ದ 39 ಮಂದಿಯನ್ನು ಎರಡು ಸಾರಿ ಪ್ರಶ್ನಿಸಿ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಸುಳ್ಳು ಹೇಳುವದರಿಂದ ಅವರಿಗೆ ಲಾಭವೇನೂ ಇರಲಿಲ್ಲ. ಆದರೂ ಎರಡು ಹೇಳಿಕೆಗಳು ಅನೇಕ ಸಾರಿ ಒಂದಕ್ಕೊಂದು ಕೂಡಲಿಲ್ಲ. ಘೋರವಾದದ್ದನ್ನು ಕಂಡು ಮನಸ್ಸು ಗಾಯಗೊಂಡವರಲ್ಲಿ, ನಡುವಣ ಕಾಲವು ಉದ್ದವಾದಷ್ಟೂ ವ್ಯತ್ಯಾಸಗಳು ಹೆಚ್ಚಾದವು. ತನ್ನ ಮಗನನ್ನು ಹೊಳೆಯಲ್ಲಿ ಕಳಕೊಂಡ ತಾಯಿಯನ್ನು ಅದು ಯಾವ ವಾರವೆಂದು ಕೇಳಿರಿ. ನೀರಿನ ಬಣ್ಣವನ್ನು ಹೇಳುವಳು. ವಾರವನ್ನು ಹೇಳಲಾರದೆ ಇರಬಹುದು.

ಮೂರನೆಯದಾಗಿ, ಸುಳ್ಳಿನ ಮಾತು. ಪ್ರಿಯರೇ, ಆಶ್ರಯ ಬೇಡುವವರೆಲ್ಲರೂ ಸತ್ಯವಂತರೆಂದು ನಾವು ಹೇಳುವದಿಲ್ಲ. ಯೆಹೋಶುವನ ಬಳಿಗೆ ಬಂದ ಗಿಬ್ಯೋನ್ಯರನ್ನು ನೋಡಿರಿ. ಹಳೇ ಗೋಣಿಗಳು, ಹರಿದು ಹೊಲಿದ ದ್ರಾಕ್ಷಾರಸದ ಬುದ್ದಲಿಗಳು, ಸವೆದ ಕೆರಗಳು, ಒಣಗಿ ಬೂಷ್ಟು ಹಿಡಿದ ರೊಟ್ಟಿ, ಇಷ್ಟನ್ನು ಸಾಕ್ಷಿಯಾಗಿ ಹೊತ್ತುಕೊಂಡು, ತಾವು ಬಹು ದೂರದೇಶದವರೆಂದು ಹೇಳಿದರು. ಮೂರು ದಿನಗಳಲ್ಲಿ ಅವರು ನೆರೆಯವರೇ ಎಂದು ಗೊತ್ತಾಯಿತು. ಇಸ್ರಾಯೇಲ್ಯರ ಹಿರಿಯರು ರೊಟ್ಟಿಯನ್ನು ಪರೀಕ್ಷಿಸಿದರು, ಆದರೆ ಕರ್ತನನ್ನು ವಿಚಾರಿಸಲಿಲ್ಲ. ಇಲ್ಲಿಯ ವರೆಗೆ ನಾವೆಲ್ಲರೂ ಬಲ್ಲೆವು. ಆದರೆ ಅವರು ಯಾಕೆ ಸುಳ್ಳು ಹೇಳಿದರೆಂಬದನ್ನು ಗಮನಿಸಿದೆವೋ? ಪ್ರಾಣಭಯದಿಂದ ಹಾಗೆ ಮಾಡಿದೆವೆಂದು ಅವರೇ ಉತ್ತರಕೊಟ್ಟರು. ಆ ಭಯವು ಸುಳ್ಳಾಗಿರಲಿಲ್ಲ. ಯೆರಿಕೋವಿಗೂ ಆಯಿಗೂ ಆದದ್ದನ್ನು ಅವರು ಕೇಳಿದ್ದರು. ಕಥೆಯು ಸುಳ್ಳು, ಭಯವು ನಿಜ. ಆದದರಿಂದ ಯೆಹೋಶುವನು ಅವರನ್ನು ಶಪಿಸಿ ದಾಸತ್ವಕ್ಕೆ ಹಾಕಿದರೂ ಕೊಲ್ಲುವದಕ್ಕೆ ಒಪ್ಪಿಸಲಿಲ್ಲ.

ಪೀಠದಲ್ಲಿ ಕೂಡುವವನಿಗೆ ಇದೇ ಅತಿ ಕಠಿಣವಾದ ಪಾಠ. ಒಂದು ಸುಳ್ಳು ಸಿಕ್ಕಿದ ಕೂಡಲೆ ಕಡತವನ್ನು ಮುಚ್ಚುವದು ಸುಲಭ. ದಲ್ಲಾಳಿಯ ಬುದ್ಧಿಮಾತಿಗೆ ಬಿದ್ದು ದಾರಿಯ ಕಥೆಯನ್ನು ಬದಲಾಯಿಸಿದವನಿಗೆ ಊರಿನಲ್ಲಿ ಕಾದಿರುವ ಕತ್ತಿಯು ನಿಜವಾಗಿಯೇ ಇರಬಹುದು. ಸುಳ್ಳನ್ನು ಸುಳ್ಳೆಂದು ಬರೆದು, ಆಮೇಲೆ ಇನ್ನೂ ಒಂದು ಪ್ರಶ್ನೆ ಕೇಳಬೇಕು: ಇದನ್ನು ಬಿಟ್ಟು ಉಳಿದದ್ದರಲ್ಲಿ ಅಪಾಯವುಂಟೋ? ಎಲ್ಲವನ್ನೂ ಶೋಧಿಸಿದ ಮೇಲೆ ಅಪಾಯವಿಲ್ಲವೆಂದು ಕಂಡರೆ, ಇಲ್ಲವೆಂದು ಹೇಳುವದೂ ಅವನ ಕರ್ತವ್ಯವೇ. ಅದನ್ನು ಕಾರಣಗಳೊಡನೆ ಬರೆದು ಕೊಡಬೇಕು; ಯಾಕಂದರೆ ಕಾರಣ ಹೇಳದೆ ತಳ್ಳುವದು ದೊರೆಯ ಕೋಪವಾದೀತು, ನ್ಯಾಯವಾಗಲಾರದು.

ನಾಲ್ಕನೆಯದಾಗಿ, ಕೇಳುವವನ ಸ್ವಂತ ಹೃದಯ. 2007ರಲ್ಲಿ ಅಮೇರಿಕದ ಮೂವರು ಕಾನೂನು ಪಂಡಿತರು ಅಲ್ಲಿಯ ವಲಸೆ ನ್ಯಾಯಾಲಯಗಳ ಲೆಕ್ಕವನ್ನು ಪ್ರಕಟಿಸಿದರು. ಮಯಾಮಿ ಪಟ್ಟಣದ ಒಂದೇ ಕಟ್ಟಡದಲ್ಲಿ, ಕೊಲಂಬಿಯ ಎಂಬ ಒಂದೇ ದೇಶದಿಂದ ಬಂದವರಿಗೆ, ಒಬ್ಬ ನ್ಯಾಯಾಧಿಪತಿಯ ಮುಂದೆ ನೂರಕ್ಕೆ 88 ಪಾಲು ಆಶ್ರಯ ಸಿಕ್ಕುವ ಸಂಭವವಿತ್ತು. ಮತ್ತೊಬ್ಬನ ಮುಂದೆ ನೂರಕ್ಕೆ 5 ಪಾಲು ಮಾತ್ರ. ಕಾನೂನು ಒಂದೇ, ಕಿವಿಗಳು ಬೇರೆ. ಯಾವ ಕೊಠಡಿಯ ಬಾಗಲು ತೆರೆಯಿತೆಂಬದರ ಮೇಲೆ ಒಬ್ಬ ಮನುಷ್ಯನ ಪ್ರಾಣವು ನಿಂತರೆ ಅದು ಚೀಟಿ ಹಾಕಿದ ಹಾಗಾಯಿತಲ್ಲವೋ? ಇದನ್ನು ಕೇಳಿ ಆ ನ್ಯಾಯಾಧಿಪತಿಗಳನ್ನು ನಿಂದಿಸುವದಕ್ಕೆ ಮುಂಚೆ, ನಮ್ಮ ಕಿವಿಯು ಯಾರಿಗೆ ನೂರಕ್ಕೆ 88 ತೆರೆದಿದೆ, ಯಾರಿಗೆ 5 ಮಾತ್ರ ತೆರೆದಿದೆ ಎಂದು ಪರೀಕ್ಷಿಸಿಕೊಳ್ಳುವಾ.

ಐದನೆಯದು ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಸ್ವದೇಶದಲ್ಲಿ ಮತವನ್ನು ಬಿಟ್ಟು ಕ್ರಿಸ್ತನನ್ನು ಹಿಂಬಾಲಿಸಿದ ನಿಮಿತ್ತ ಓಡಿಬಂದೆವೆಂದು ಹೇಳುವವರೂ ಈ ಪೀಠಗಳ ಮುಂದೆ ಬರುತ್ತಾರೆ. ಅವರ ನಂಬಿಕೆಯು ನಿಜವೋ ಎಂದು ಯಾರು ತೂಗಬಲ್ಲರು? ಅಧಿಕಾರಿಗಳು ಬೈಬಲಿನಿಂದ ಪರೀಕ್ಷೆಯ ಪ್ರಶ್ನೆಗಳನ್ನು ಕೇಳಿ, ಉತ್ತರ ತಪ್ಪಿದವರನ್ನು ಕಪಟಿಗಳೆಂದು ಎಣಿಸಿದ್ದುಂಟು. 2019ರಲ್ಲಿ ಬ್ರಿಟನಿನ ಗೃಹ ಇಲಾಖೆಯು ಇರಾನಿನ ಒಬ್ಬ ಹೊಸ ವಿಶ್ವಾಸಿಗೆ ಬರೆದ ನಿರಾಕರಣ ಪತ್ರದಲ್ಲಿ, ಪ್ರಕಟನೆ ಮುಂತಾದ ಪುಸ್ತಕಗಳಿಂದ ವಚನಗಳನ್ನು ಆರಿಸಿ, ಕ್ರೈಸ್ತಮತವು ಸಮಾಧಾನದ ಮತವೆಂಬ ಅವನ ಮಾತನ್ನೇ ಖಂಡಿಸಿತ್ತು. ಅದು ತನ್ನ ಕ್ರಮಕ್ಕೆ ತಕ್ಕದ್ದಲ್ಲವೆಂದು ಇಲಾಖೆಯೇ ಆಮೇಲೆ ಒಪ್ಪಿಕೊಂಡಿತು.

ಹುಟ್ಟುಕುರುಡನಾಗಿದ್ದವನು ಫರಿಸಾಯರ ವಿಚಾರಣೆಯಲ್ಲಿ ನಿಂತಾಗ ಎಷ್ಟು ಪ್ರಶ್ನೆಗಳಿಗೆ ಉತ್ತರ ಕೊಟ್ಟನು? ತನ್ನನ್ನು ಸ್ವಸ್ಥಮಾಡಿದಾತನು ಎಲ್ಲಿದ್ದಾನೆಂಬದೂ ಅವನಿಗೆ ತಿಳಿಯದು. ಮುಂಚೆ ಕಾಣದಿದ್ದವನು ಈಗ ಕಾಣುತ್ತೇನೆ ಎಂಬ ಒಂದನ್ನೇ ಬಲ್ಲನು. ಅವರು ಅವನನ್ನು ಹೊರಗೆ ಹಾಕಿದರು. ಯೇಸು ಅವನನ್ನು ಹುಡುಕಿ ಕಂಡುಕೊಂಡನು. ಶಿಲುಬೆಯ ಮೇಲಿನ ಕಳ್ಳನು ಅಪೊಸ್ತಲರ ಹೆಸರುಗಳನ್ನು ಒಪ್ಪಿಸಬಲ್ಲವನಾಗಿದ್ದನೋ? ಪಾಠ ಕಲಿತ ಕಪಟಿಯು ಎಲ್ಲಾ ಉತ್ತರಗಳನ್ನು ಸರಿಯಾಗಿ ಹೇಳಾನು. ಓದು ಬಾರದ ನಿಜ ವಿಶ್ವಾಸಿಯು ತೊದಲಾನು. ಹೃದಯವನ್ನು ನೋಡುವಾತನು ಒಬ್ಬನೇ. ಪೀಠದವನು ಆ ಕೆಲಸವನ್ನು ತನ್ನ ಮೇಲೆ ಎಳೆದುಕೊಳ್ಳದೆ, ಈ ಮನುಷ್ಯನು ಹೇಗೆ ನಡೆದಿದ್ದಾನೆ, ಹಿಂದಿರುಗಿದರೆ ಅವನಿಗೆ ಏನಾಗುವದು ಎಂದು ಕೇಳುವದೇ ವಿವೇಕ. ತನ್ನ ನಂಬಿಕೆಯು ತನ್ನ ಸ್ವಂತ ವಿಷಯವೆಂದು ಎಣಿಸಿ ಅದನ್ನು ಆಶ್ರಯಕ್ಕೆ ಆಧಾರವಾಗಿ ಮುಂದಿಡದ ಇರಾನಿನ ಒಬ್ಬನ ವ್ಯಾಜ್ಯವು ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿರುವ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಬಂತು. ಅಧಿಕಾರಿಗಳಿಗೆ ಆ ಸಂಗತಿಯು ತಿಳಿದ ಮೇಲೆ, ಅವನು ಬಾಯಿ ತೆರೆಯದಿದ್ದರೂ ಅಪಾಯವನ್ನು ತಾವೇ ಶೋಧಿಸಬೇಕೆಂದು 2016ರಲ್ಲಿ ತೀರ್ಪಾಯಿತು. ಯೋಬನು ಮಾಡಿದ್ದೂ ಇದೇ ಅಲ್ಲವೋ? ಅರಿಯದವನ ವ್ಯಾಜ್ಯವು ತಾನಾಗಿ ಬಂದು ಬೆಳಕಾಗುವ ವರೆಗೆ ಅವನು ಕಾಯಲಿಲ್ಲ, ತಾನೇ ಹುಡುಕಿದನು.

ನಮ್ಮ ತಾತಂದಿರಲ್ಲಿ ಅನೇಕರು ದೀಕ್ಷಾಸ್ನಾನದ ನಿಮಿತ್ತ ಮನೆಯನ್ನೂ ಹೊಲವನ್ನೂ ಊರ ಬಾವಿಯ ನೀರನ್ನೂ ಕಳಕೊಂಡವರು. ಅಂಥವರಿಗೆ ಅನ್ನದ ದಾರಿಯಾಗಲೆಂದೂ ನೇಯ್ಗೆ ಶಾಲೆಗಳೂ, 1865ರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯೂ ಮಿಶನಿನವರಿಂದ ಹುಟ್ಟಿದವು. ಹೊಟ್ಟೆಗಾಗಿ ಸೇರಿದವರೆಂಬ ನಿಂದೆಯನ್ನೂ ಅವರು ಹೊತ್ತರು. ಒಬ್ಬನ ಹೃದಯವನ್ನು ಹೊರಗಿನಿಂದ ತೂಗಿ ಕಪಟವೆಂದು ಹೇಳುವದು ಎಂಥ ಗಾಯವೆಂಬದನ್ನು ನಾವು ಇನ್ನೊಬ್ಬರಿಂದ ಕಲಿಯಬೇಕಾಗಿಲ್ಲ.

ಆದರೂ ನಾವೇ ಅದನ್ನು ಮರೆಯುತ್ತೇವೆ. ನಮ್ಮ ತಪ್ಪೊಂದನ್ನು ಇಲ್ಲಿ ಅರಿಕೆಮಾಡುತ್ತೇವೆ. ಕೆಲವು ವರುಷಗಳ ಹಿಂದೆ ಬೇರೆ ಜಿಲ್ಲೆಯಿಂದ ಒಬ್ಬನು ಹೆಂಡತಿ ಮಕ್ಕಳೊಂದಿಗೆ ನಮ್ಮ ಸಭೆಗೆ ಬಂದು, ಊರಲ್ಲಿ ತೊಂದರೆಯಾದದ್ದರಿಂದ ಹೊರಟುಬಂದೆವೆಂದೂ, ಇರುವದಕ್ಕೆ ಸ್ಥಳ ಬೇಕೆಂದೂ ಬೇಡಿದನು. ಅವನ ಸಭೆಯ ಪಾಲಕರು ಯಾರೆಂದು ಕೇಳಿದೆವು. ಒಂದು ದಿನ ಒಂದು ಹೆಸರನ್ನೂ ಮತ್ತೊಂದು ದಿನ ಬೇರೆ ಹೆಸರನ್ನೂ ಹೇಳಿದನು. ಹಿರಿಯರ ಕೂಟದಲ್ಲಿ ಅವನನ್ನು ಕರಿಸದೆಯೇ, ಮಾತು ಎರಡಾಯಿತೆಂದು ಬರೆದು ಮುಗಿಸಿಬಿಟ್ಟೆವು. ನಾವೂ ಆ ಕಾಗದಕ್ಕೆ ರುಜು ಹಾಕಿದೆವು. ಮೂರು ತಿಂಗಳಾದ ಮೇಲೆ ಆ ಕಡೆಯಿಂದ ಪತ್ರ ಬಂತು. ಮೊದಲಿನ ಪಾಲಕರಿಗೆ ಆ ವರುಷವೇ ವರ್ಗವಾಗಿತ್ತು. ಎರಡು ಹೆಸರುಗಳೂ ನಿಜ. ಅಷ್ಟರಲ್ಲಿ ಆ ಕುಟುಂಬವು ಹೊರಟುಹೋಗಿತ್ತು. ಹುಡುಕಿಸಿದೆವು, ಸಿಕ್ಕಲಿಲ್ಲ. ನಾವು ಇನ್ನೂ ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು.

ಆದದರಿಂದ ಸಭೆಯ ಹಿರಿಯರೇ, ಬಡವರ ನಿಧಿಗೆ ಬಂದ ವಿಧವೆಯ ಅರ್ಜಿಯನ್ನು ಅವಳ ಬೆನ್ನ ಹಿಂದೆ ತೀರಿಸಬೇಡಿರಿ. ಅವಳನ್ನು ಕರಿಸಿ ಕೇಳಿರಿ. ದೀಕ್ಷಾಸ್ನಾನ ಬೇಡಿ ಬಂದವನಲ್ಲಿ ಬಾಯಿಪಾಠವನ್ನು ಮಾತ್ರವೇ ನೋಡಬೇಡಿರಿ. ಕೆಲಸ ಹುಡುಕಿಕೊಂಡು ಬೇರೆ ಸೀಮೆಯಿಂದ ಬಂದು ಊರ ಹೊರಗೆ ಗುಡಿಸಲು ಹಾಕಿಕೊಂಡವರ ಮೇಲೆ ಕಳ್ಳತನದ ಮಾತು ಬಂದಾಗ, ಮೊದಲು ಅವರ ಬಾಯಿಂದ ಕೇಳಿರಿ. ತಳ್ಳಬೇಕಾದರೆ ಕಾರಣವನ್ನು ಅವರ ಮುಂದೆಯೇ ಹೇಳಿರಿ. ನಿಮ್ಮ ತೀರ್ಪಿನ ಮೇಲೆ ಮತ್ತೊಬ್ಬರ ಬಳಿಗೆ ಹೋಗುವದಕ್ಕೆ ಅವರಿಗೆ ದಾರಿಯನ್ನು ಬಿಡಿರಿ. ಅದರಿಂದ ನಿಮ್ಮ ಮಾನಕ್ಕೆ ಕೊರತೆಯಾಗದು.

ನಮ್ಮ ಕರ್ತನು ಎಳೇ ಕೂಸಾಗಿದ್ದಾಗ ರಾತ್ರಿಯಲ್ಲಿ ಐಗುಪ್ತಕ್ಕೆ ಒಯ್ಯಲ್ಪಟ್ಟನು. ಹೆರೋದನ ಕತ್ತಿಗೆ ಯೋಸೇಫನ ಕೈಯಲ್ಲಿ ಯಾವ ಸಾಕ್ಷಿಯಿತ್ತು? ಒಂದು ಕನಸು ಮಾತ್ರ. ಅಂದು ಆ ಗಡಿಯಲ್ಲಿ ಒಬ್ಬನು ಕುಳಿತು ಕಾಗದ ಕೇಳಿದ್ದರೆ ಏನಾಗುತ್ತಿತ್ತು? ನಾವೂ ಒಂದು ದಿನ ಪರಿಚಯವಿಲ್ಲದವರಂತೆ ದೊಡ್ಡ ಪೀಠದ ಮುಂದೆ ನಿಲ್ಲಬೇಕು. ಅಲ್ಲಿ ಕುಳಿತಾತನು ನಮ್ಮನ್ನು ಪೂರ್ಣವಾಗಿ ಬಲ್ಲನು. ಆದರೂ ನಮಗೋಸ್ಕರ ಮಾತಾಡುವಾತನು ಆತನ ಬಲಗಡೆಯಲ್ಲಿದ್ದಾನೆ.

ಪ್ರಾರ್ಥಿಸುವಾ: ಓ ಕರ್ತನೇ, ಇಂದು ಯಾವ ದೇಶದಲ್ಲಿಯಾದರೂ ಅರಿಯದವನ ಮಾತನ್ನು ಕೇಳುವದಕ್ಕೆ ಕುಳಿತಿರುವ ಪ್ರತಿಯೊಬ್ಬನಿಗೆ ತಾಳ್ಮೆಯುಳ್ಳ ಕಿವಿಯನ್ನೂ, ಸತ್ಯವನ್ನು ಹುಡುಕುವ ಮನಸ್ಸನ್ನೂ, ತಪ್ಪುವೆನೆಂಬ ಭಯವನ್ನೂ ಕೊಡು. ಅವನ ಎದುರಿಗೆ ನಡುಗುತ್ತಾ ನಿಂತವನಿಗೆ ಮಾತನ್ನು ಕೊಡು. ನಾವು ಕೇಳದೆ ತಳ್ಳಿಬಿಟ್ಟವರನ್ನು ನೀನು ಹುಡುಕಿ ಕಂಡುಕೋ, ನಮ್ಮನ್ನು ಕ್ಷಮಿಸು. ಆಮೆನ್.